ನಂಜನಗೂಡು ಸೀಮೆಯ ಕಲ್ಲುಮದ್ದು ಮತ್ತು 'ಪೇಟೆಂಟ್' ಎಂಬ ಹೆಸರು

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದ ಹೆಸರಿನಲ್ಲಿಯೇ ದಾರಿಹೋಕರ ತಂಗುದಾಣವೊಂದರ ನೆನಪು ಉಳಿದಿದೆ. ಈ ಸೀಮೆಯಲ್ಲಿ ಕಪಿಲಾ ತೀರದ ಶ್ರೀಕಂಠೇಶ್ವರನು ದೇವರಷ್ಟೇ ಅಲ್ಲ, ವೈದ್ಯನೂ ಹೌದು. ನಂಜನ್ನು ಉಂಡವನು ಮೈಯ ನಂಜನ್ನೂ ತೆಗೆದಾನೆಂಬುದು ಜನಪದರ ನಂಬಿಕೆ. ಆನೆಯ ಕಣ್ಣುಬೇನೆ ಗುಣವಾದಾಗ ಟಿಪ್ಪು ಸುಲ್ತಾನನು ಈತನನ್ನು 'ಹಕೀಮ್ ನಂಜುಂಡ'ನೆಂದು ಕರೆದನೆಂಬ ಐತಿಹ್ಯವೂ ಇದಕ್ಕೆ ಹೊಂದಿಕೊಂಡಿದೆ. ಇದೇ ಊರಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯ ಹಲ್ಲಿನ ಪುಡಿಯೊಂದಿಗೆ ಊರಿನ ಹೆಸರೇ ಔಷಧದ ಹೆಸರಾಯಿತು.

ಹಲ್ಲಿನ ಪುಡಿ ಅಂಗಡಿಯಿಂದ ಬಂದರೂ, ಉರಿಮೂತ್ರಕ್ಕೂ ಮೂತ್ರದ ಕಲ್ಲಿಗೂ ಮದ್ದು ಬಹುಕಾಲ ಹಿತ್ತಿಲಿನದೇ ಆಗಿತ್ತು. ಬಾಳೆದಿಂಡಿನ ರಸ, ಹುರುಳಿಕಟ್ಟು, ಎಳನೀರು, ನೆಗ್ಗಿಲಮುಳ್ಳಿನ ಕಷಾಯ ಇವು ಹಳೆಯ ಮೈಸೂರು ಸೀಮೆಗೆಲ್ಲ ಪರಿಚಿತ. ನೆಗ್ಗಿಲು ಆಯುರ್ವೇದದ ಗೋಕ್ಷುರ. ಶಾರ್ಙ್ಗಧರ ಸಂಹಿತೆಯ ಗೋಕ್ಷುರಾದಿ ಗುಗ್ಗುಲುವಿಗೆ ಹೆಸರು ಬಂದುದು ಇದರಿಂದಲೇ. 'ಪಾಷಾಣಭೇದ'ದ ಸಂಗತಿ ಇಷ್ಟು ಸರಳವಲ್ಲ. ಕಲ್ಲನ್ನು ಒಡೆಯುವುದೆಂಬ ಅರ್ಥದ ಈ ಹೆಸರನ್ನು ಔಷಧ ತಯಾರಕರು ಸಾಮಾನ್ಯವಾಗಿ ಹಿಮಾಲಯದ ಬಂಡೆಗಳಲ್ಲಿ ಬೆಳೆಯುವ ಸಸ್ಯಕ್ಕೆ ಕೊಡುತ್ತಾರೆ. ಕಪಿಲೆಯ ಬಯಲಿನಲ್ಲಿ ಅದು ಸಿಗದು. ದಕ್ಷಿಣದಲ್ಲಿ ಎಲೆಯಂಚಿನಿಂದ ಮರಿಗಿಡ ಮೂಡುವ ಕಾಡುಬಸಳೆಯೂ ಇದೇ ಕೆಲಸಕ್ಕೆ ಬಳಕೆಯಾಗಿದೆ. ಹೀಗೆ ಒಂದೇ ಹೆಸರಿನಡಿ ಬೇರೆ ಬೇರೆ ಗಿಡಗಳು ನಿಂತಿವೆ; ಗ್ರಂಥವನ್ನು ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಕಾಣದು.

ನಾಟಿವೈದ್ಯರಲ್ಲಿ ಅನೇಕರು ಗಿಡದ ಹೆಸರು ಹೇಳುವುದಿಲ್ಲ, ಹೇಳಿದರೆ ಮದ್ದು ಫಲಿಸದೆಂಬುದು ಅವರ ಕಟ್ಟು. ಆದರೆ ಹಣವನ್ನೂ ಕೇಳುವುದಿಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಸಾಕು, ಮಾರಿದರೆ ಕೈಗುಣ ಹೋಗುತ್ತದೆ. ಅಂಗಡಿಯ ಸೀಸೆಯದು ಇದಕ್ಕೆ ತಿರುಗುಮುರುಗು: ಗಿಡಗಳ ಹೆಸರನ್ನು ಚೀಟಿಯಲ್ಲಿ ಅಚ್ಚುಹಾಕಿರುತ್ತದೆ, ಮದ್ದಿಗೆ ಮಾತ್ರ ಒಡೆಯನಿದ್ದಾನೆ.

ಈ ಒಡೆತನವನ್ನು ಸೂಚಿಸುವ 'ಪೇಟೆಂಟ್' ಎಂಬ ಮಾತು ದಾರಿತಪ್ಪಿಸುವಂಥದು. 1940ರ ಔಷಧ ಕಾಯಿದೆಗೆ 1964ರಲ್ಲಿ ಆಯುರ್ವೇದದ ಅಧ್ಯಾಯ ಸೇರಿತು. 1982ರ ತಿದ್ದುಪಡಿಯ ಪ್ರಕಾರ, ಅಂಗೀಕೃತ ಗ್ರಂಥಗಳಲ್ಲಿ ಹೇಳಿದ ದ್ರವ್ಯಗಳನ್ನೇ ಬಳಸಿಯೂ ಅಲ್ಲಿಲ್ಲದ ಹೊಸ ಕೂಟವಾಗಿದ್ದರೆ ಅದು 'ಪೇಟೆಂಟ್ ಅಥವಾ ಸ್ವಾಮ್ಯದ' ಔಷಧ. ಇದರಲ್ಲಿ ಆವಿಷ್ಕಾರದ ಹಕ್ಕಿನ ಪ್ರಶ್ನೆಯೇ ಇಲ್ಲ. ನಿಜವಾದ ಪೇಟೆಂಟ್ ಕಾಯಿದೆಯಾದರೋ, 2002ರ ತಿದ್ದುಪಡಿಯ ತರುವಾಯ, ಪಾರಂಪರಿಕ ಜ್ಞಾನವನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ.

1930ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾಗಿ 1975ರಲ್ಲಿ ಬೆಂಗಳೂರಿಗೆ ಬಂದ ಹಿಮಾಲಯ ಸಂಸ್ಥೆಯ 'ಸಿಸ್ಟೋನ್' ಈ ವರ್ಗದ ಪ್ರಸಿದ್ಧ ಮಾತ್ರೆ. ಅದರಲ್ಲಿ ಹಿಮಾಲಯದ ಪಾಷಾಣಭೇದವೂ ಇದೆ, ನಂಜನಗೂಡಿನ ಹೊಲದ ಬದುಗಳಲ್ಲಿ ಬಟ್ಟೆಗೆ ಅಂಟುವ ಉತ್ತರಾಣಿಯೂ ಇದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ, ಕೇವಲ ಹತ್ತು ರೋಗಿಗಳ ಅಧ್ಯಯನದಲ್ಲಿ ಈ ಮಾತ್ರೆಯಿಂದ ಕಲ್ಲು ಕಡಿಮೆಯಾದುದು ಕಂಡುಬರಲಿಲ್ಲ. ಮೂತ್ರಪಿಂಡದ ಮತ್ತು ಮೂತ್ರಕೋಶದ ಕಲ್ಲನ್ನು ಗುಣಪಡಿಸುವೆವೆಂಬ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಹಿತ್ತಿಲಿನ ಬಾಳೆದಿಂಡಿಗೆ ಜಾಹೀರಾತೂ ಇರಲಿಲ್ಲ, ಪರೀಕ್ಷೆಯ ದಾಖಲೆಯೂ ಇರಲಿಲ್ಲ. ಅದನ್ನು ಯಾರು ಮೊದಲು ಹಿಂಡಿ ಕುಡಿಸಿದರೆಂಬ ಹೆಸರು ಯಾವ ಚೀಟಿಯ ಮೇಲೂ ಇಲ್ಲ.