ದೊಡ್ಡ ಗಾಡಿಗೆ ಏರಿದವರು, ಇಳಿದವರು

ಮೊಪೆಡ್ ಓಡಿಸಿ ರೂಢಿಯಾದವರನ್ನು ಹಳೆಯ ಜಾವಾದ ಮೇಲೆ ಕೂರಿಸಿ ‘ಸ್ಟಾರ್ಟ್ ಮಾಡಿ ನೋಡೋಣ’ ಎಂದರೆ ಅವರು ಮೊದಲು ಹುಡುಕುವುದು ಕಿಕ್ಕರನ್ನು. ಅದು ಕಾಣುವುದೇ ಇಲ್ಲ. ಎಡಗಾಲಿನ ಬಳಿಯ ಗೇರಿನ ಲಿವರನ್ನು ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಕು. ಆಗ ಅದೇ ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮತ್ತೆ ಮುಂದಕ್ಕೆ ತಂದರೆ ಅದೇ ಗೇರು. ನೆರೆಮನೆಯ ಹಿರಿಯರೊಬ್ಬರ ಯೆಜ್ಡಿಯ ಮೇಲೆ ಮೊದಲ ಸಲ ಕುಳಿತಾಗ ಈ ಲೇಖಕನೂ ಹೀಗೆ ತಡಕಾಡಿದ್ದುಂಟು.

ಕರ್ನಾಟಕದ ಒಂದು ತಲೆಮಾರಿಗೆ ‘ದೊಡ್ಡ ಗಾಡಿ’ ಎಂದರೆ ಇದೇ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. 250 ಸಿಸಿ ಎಂಜಿನ್, ಎರಡು ಸೈಲೆನ್ಸರ್. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರದು.

ಏಣಿಯ ಕೆಳಗಿನ ಮೆಟ್ಟಿಲಿನಲ್ಲಿದ್ದುದು ಮೊಪೆಡ್. 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನ ಟಿವಿಎಸ್ 50. ಸಂಬಳ ಹೆಚ್ಚಿದಾಗ, ಸಂಸಾರ ಬೆಳೆದಾಗ ಜನ ಮೊಪೆಡ್ ಮಾರಿ ಮೇಲಿನ ಗಾಡಿಗೆ ಹೋಗುತ್ತಿದ್ದರು. ಆದರೆ 1980ರ ದಶಕದ ನಡುವೆ ಈ ಏಣಿಯೇ ತಲೆಕೆಳಗಾಯಿತು. ಹೊಸ ವಿದೇಶಿ ಸಹಯೋಗಕ್ಕೆ ಕೇಂದ್ರ ಸರ್ಕಾರ ಬಾಗಿಲು ತೆರೆದದ್ದು ಮುಖ್ಯವಾಗಿ 100 ಸಿಸಿವರೆಗಿನ ಗಾಡಿಗಳಿಗೆ. ಜಪಾನಿನ ನಾಲ್ಕೂ ಕಂಪೆನಿಗಳು ಅದೇ ಅಳತೆಯ ಬೈಕುಗಳೊಂದಿಗೆ ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್.

ಹೀರೋ ಹೋಂಡಾದ್ದು ನಾಲ್ಕು ಸ್ಟ್ರೋಕಿನ ಎಂಜಿನ್. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲ, ಖರ್ಚೂ ಕಡಿಮೆ. ಯಮಹಾದ ಕಥೆ ಬೇರೆ. ಅದರ 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಅದಕ್ಕಿಂತ ಎರಡೂವರೆ ಪಟ್ಟು ದೊಡ್ಡದಾದ ಹಳೆಯ ಯೆಜ್ಡಿಯ ಎಂಜಿನ್ ಕೊಡುತ್ತಿದ್ದದ್ದು ಸುಮಾರು 13. ಯೆಜ್ಡಿಯ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಿಗ್ನಲ್ ಬಿಟ್ಟಾಗ ಮುಂದೆ ಹೋಗುವುದು ಯಾವುದೆಂದು ಹೇಳಬೇಕಿಲ್ಲ. ದೊಡ್ಡ ಗಾಡಿ ಮಾರಿ ಚಿಕ್ಕದಕ್ಕೆ ಇಳಿದವರನ್ನು ಯಾರೂ ಮೂರ್ಖರೆನ್ನಲಿಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆಗೆ ಬೀಗ ಬಿತ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಹಳೆಯ ವಿನ್ಯಾಸವನ್ನೇ ನೆಚ್ಚಿ ಕುಳಿತದ್ದು ದುಬಾರಿಯಾಯಿತು ಎಂದೇ ಈ ಲೇಖಕನ ಎಣಿಕೆ. ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಮಾತ್ರ ಇದರಲ್ಲಿ ಆಯ್ಕೆಯೇ ಇರಲಿಲ್ಲ.

ಏಣಿ ಮತ್ತೆ ನೆಟ್ಟಗಾದದ್ದು 1999ರಲ್ಲಿ ಹೀರೋ ಹೋಂಡಾದ ಸಿಬಿಜೆಡ್, 2001ರಲ್ಲಿ ಬಜಾಜ್‌ನ 150 ಮತ್ತು 180 ಸಿಸಿಯ ಪಲ್ಸರ್ ಬಂದ ಮೇಲೆ. ಈಗ ಹುಡುಗರು ಗೇರಿಲ್ಲದ ಸ್ಕೂಟರಿನಿಂದ ನೇರವಾಗಿ 350 ಸಿಸಿಗೆ ಹಾರುವುದೂ ಉಂಟು.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 16 ವರ್ಷದವರು 50 ಸಿಸಿ ಮೀರದ ಗಾಡಿ ಓಡಿಸಬಹುದು. 18 ತುಂಬಿ ಗೇರು ಗಾಡಿಯ ಲೈಸೆನ್ಸ್ ಸಿಕ್ಕಿತೆಂದರೆ 100 ಸಿಸಿಗೂ ಅದೇ, 1000 ಸಿಸಿಗೂ ಅದೇ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ 125 ಸಿಸಿವರೆಗೆ ಒಂದು ಲೈಸೆನ್ಸ್, ನಡುವಿನ ಶಕ್ತಿಯವಕ್ಕೆ ಇನ್ನೊಂದು, ಭಾರಿ ಗಾಡಿಗಳಿಗೆ ಮತ್ತೊಂದು. ಭಾರ, ಬ್ರೇಕು, ತಿರುವು ಎಲ್ಲವೂ ಬದಲಾಗುವಾಗ ಪರೀಕ್ಷೆ ಮಾತ್ರ ಒಂದೇ ಆಗಿರುವುದು ವಿಚಿತ್ರವೇ ಸರಿ.

ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮರಳಿ ಬಂದವು. ತಯಾರಾಗುವುದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ, ಯಾದವಗಿರಿಯಲ್ಲಲ್ಲ. ಹೊಸ ಗಾಡಿ ಗುಂಡಿ ಒತ್ತಿದರೆ ಶುರುವಾಗುತ್ತದೆ. ಎಡಗಾಲಿನ ಲಿವರ್‌ಗೆ ಈಗ ಗೇರು ಹಾಕುವುದಷ್ಟೇ ಕೆಲಸ. ಹಳೆಯ ಗಾಡಿಯನ್ನು ಜೋಪಾನ ಮಾಡಿಕೊಂಡವರು ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಒಟ್ಟಾಗಿ ಹೊರಡುತ್ತಾರೆ. ಅವರು ಮಾತ್ರ ಇಂದಿಗೂ ಅದೇ ಲಿವರನ್ನು ಹಿಂದಕ್ಕೆ ತಿರುಗಿಸಿ ಒದೆಯಬೇಕು.