ಸಣ್ಣ ವ್ಯಾಪಾರದ ಆದಾಯ ತೆರಿಗೆ: ಯಾರಿಗೆ ಯಾವ ರಿಟರ್ನ್?

ವ್ಯಾಪಾರದ ಸ್ವರೂಪಕ್ಕೆ ತಕ್ಕಂತೆ ರಿಟರ್ನ್ ನಮೂನೆ ಬದಲಾಗುತ್ತದೆ. ಒಬ್ಬರೇ ನಡೆಸುವ ಅಂಗಡಿಗೆ ಪ್ರತ್ಯೇಕ ಪ್ಯಾನ್ ಇಲ್ಲ. ಲಾಭವನ್ನು ಮಾಲೀಕರು ತಮ್ಮದೇ ಐಟಿಆರ್-3 ಅಥವಾ 4ರಲ್ಲಿ ತೋರಿಸಬೇಕು. ಹಿಂದೂ ಅವಿಭಕ್ತ ಕುಟುಂಬಕ್ಕೂ ಇವೇ ನಮೂನೆ, ಆದರೆ ಪ್ಯಾನ್ ಬೇರೆ. ತೆರಿಗೆ ಕಾನೂನಿನಲ್ಲಿ ಜೈನ ಕುಟುಂಬಗಳೂ ಇದರಡಿ ಬರುತ್ತವೆ.

ಪಾಲುದಾರಿಕೆ ಸಂಸ್ಥೆ ಮತ್ತು ಎಲ್‌ಎಲ್‌ಪಿಗೆ ಐಟಿಆರ್-5, ಕಂಪನಿಗೆ ಐಟಿಆರ್-6. ಅಂದಾಜು ಲಾಭದ ಪದ್ಧತಿ ಆಯ್ದುಕೊಂಡ ಪಾಲುದಾರಿಕೆ ಸಂಸ್ಥೆ ಐಟಿಆರ್-4 ಸಲ್ಲಿಸಬಹುದು. ಎಲ್‌ಎಲ್‌ಪಿಗೆ ಈ ಸೌಲಭ್ಯವಿಲ್ಲ. ಸಂಸ್ಥೆಯೇ ಶೇ. 30 ತೆರಿಗೆ ಕಟ್ಟುವುದರಿಂದ ಪಾಲುದಾರರ ಪಾಲಿನ ಲಾಭಕ್ಕೆ ಮತ್ತೆ ತೆರಿಗೆಯಿಲ್ಲ. ಅವರು ಪಡೆಯುವ ಸಂಬಳ, ಬಡ್ಡಿಗೆ ಉಂಟು.

ನಷ್ಟವಾದರೂ ಸಂಸ್ಥೆ, ಕಂಪನಿಗಳು ರಿಟರ್ನ್ ಸಲ್ಲಿಸಲೇಬೇಕು. ಗಡುವು ತಪ್ಪಿದರೆ ಆ ವರ್ಷದ ವ್ಯಾಪಾರ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಲು ಅವಕಾಶವಿರುವುದಿಲ್ಲ.