ನಕ್ಷೆಯಲ್ಲಿ ಗೆರೆ ತುಂಬುವ ಕಥೆ

ಬಾಗಲಕೋಟೆಯಿಂದ ಕಲಾದಗಿಗೆ ಹೋಗುವ ರಸ್ತೆಯಲ್ಲಿ ತುಳಸಿಗೇರಿ ಸಿಗುತ್ತದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹನುಮಪ್ಪನ ಭಕ್ತರು. ಆದರೆ ಕಲ್ಲನ್ನು ನೋಡಲೆಂದು ಬರುವವರಿಗೂ ಈ ಸೀಮೆ ಹೊಸದಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಸುತ್ತಾಡಿ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ತಮ್ಮ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. ಇಲ್ಲಿಯ ಶಿಲಾಸ್ತರಗಳಿಗೆ ಕಲಾದಗಿಯ ಹೆಸರು ಅಂಟಿಕೊಂಡದ್ದು ಆ ಕೆಲಸದಿಂದ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬ ತುಳಸಿಗೇರಿಯಿಂದ ದಕ್ಷಿಣಕ್ಕೆ ಬಾದಾಮಿಯವರೆಗಿನ ನೆಲದ ಅಡ್ಡಕೊಯ್ತದ ಚಿತ್ರವೊಂದನ್ನು ಗಣಕದಲ್ಲಿ ಬರೆದು ನನಗೆ ತೋರಿಸಿದ. ತೆರೆಯ ಮೇಲೆ ಚಿತ್ರ ಸೊಗಸಾಗಿತ್ತು. ಜೇಡುಗಲ್ಲಿಗೆ ಹಸಿರು, ಮರಳುಗಲ್ಲಿಗೆ ಕಿತ್ತಳೆ, ಸುಣ್ಣಕಲ್ಲಿಗೆ ಇಟ್ಟಿಗೆ ಜೋಡಿಸಿದಂಥ ವಿನ್ಯಾಸ. ಅದನ್ನು ಕಪ್ಪು-ಬಿಳುಪು ಮುದ್ರಕದಲ್ಲಿ ತೆಗೆದಾಗ ಹಸಿರೂ ಕಿತ್ತಳೆಯೂ ಒಂದೇ ಬೂದು ಬಣ್ಣವಾದವು. ಜೇಡುಗಲ್ಲು ಎಲ್ಲಿ ಮುಗಿಯಿತು, ಮರಳುಗಲ್ಲು ಎಲ್ಲಿ ಶುರುವಾಯಿತು ಎಂಬುದೇ ತಿಳಿಯದಾಯಿತು. ಇಟ್ಟಿಗೆ ವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಹಸಿರು ಮತ್ತು ಕಿತ್ತಳೆ ಏಕೆ ಒಂದಾದವು? ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಕಾಶವಾಗಿಯೂ ನೀಲಿ ಬಹಳ ಮಂದವಾಗಿಯೂ ಕಾಣುತ್ತದೆ. ಆದ್ದರಿಂದ ಬಣ್ಣವನ್ನು ಬೂದಿಗೆ ಇಳಿಸುವಾಗ ಕೆಂಪು ಅಂಶವನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡುವುದು ರೂಢಿ. ಗಣಕದಲ್ಲಿ ಪ್ರತಿ ಅಂಶವೂ 0ಯಿಂದ 255ರವರೆಗೆ ಇರುತ್ತದೆ. ಅಪ್ಪಟ ಹಸಿರು (0, 255, 0) ಆಗ ಸುಮಾರು 150 ಆಗುತ್ತದೆ. ಕಿತ್ತಳೆಯನ್ನು (255, 127, 0) ನೀವೇ ಲೆಕ್ಕಹಾಕಿ ನೋಡಿ, ಸುಮಾರು 151 ಬರುತ್ತದೆ. ಈ ಒಂದು ಅಂಕದ ಅಂತರವನ್ನು ಕಾಗದದ ಮೇಲೆ ಯಾವ ಕಣ್ಣೂ ಗುರುತಿಸಲಾರದು.

ಬಣ್ಣ ಪ್ರತಿಯಲ್ಲಿ ಉಳಿಯುವುದಿಲ್ಲ ಎಂಬ ತೊಂದರೆ ಗಣಕಕ್ಕಿಂತ ಬಹಳ ಹಳೆಯದು. ಯುರೋಪಿನ ಮನೆತನಗಳ ಲಾಂಛನಗಳಲ್ಲಿ ಬಣ್ಣವೇ ಗುರುತು. ಆದರೆ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದರೆ ಬರುವುದು ಕಪ್ಪು ಗೆರೆ ಮಾತ್ರ. ಇದಕ್ಕೆ ಉಪಾಯಗಳನ್ನು ಹಲವರು ಹುಡುಕುತ್ತಿದ್ದರು. ಪಾದ್ರಿ ಸಿಲ್ವೆಸ್ಟರ್ ಪೆತ್ರಾ ಸಾಂಕ್ತಾ 1638ರ ಪುಸ್ತಕದಲ್ಲಿ ಬಳಸಿದ ಪದ್ಧತಿ ಕೊನೆಗೆ ನೆಲೆನಿಂತಿತು. ಅದರಲ್ಲಿ ನಿಂತ ಗೆರೆ ಎಂದರೆ ಕೆಂಪು, ಮಲಗಿದ ಗೆರೆ ಎಂದರೆ ನೀಲಿ, ಚುಕ್ಕೆ ಎಂದರೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ.

ಎಂಜಿನಿಯರುಗಳು ಮಾತ್ರ ಬಣ್ಣವನ್ನು ಬಿಡಲು ತಡಮಾಡಿದರು. ಹತ್ತೊಂಬತ್ತನೆಯ ಶತಮಾನದ ಯಂತ್ರಗಳ ನಕ್ಷೆಗಳನ್ನು ಕುಂಚದಿಂದ ತೆಳು ಬಣ್ಣ ಬಳಿದು ಸಿದ್ಧಪಡಿಸುತ್ತಿದ್ದರು. ಎರಕದ ಕಬ್ಬಿಣಕ್ಕೆ ಬೂದು, ಮೆದು ಕಬ್ಬಿಣಕ್ಕೆ ನೀಲಿ, ಹಿತ್ತಾಳೆಗೆ ಹಳದಿ. ಈ ಪದ್ಧತಿಯನ್ನು ಹಿಂದಕ್ಕೆ ಸರಿಸಿದ್ದರಲ್ಲಿ ಒಂದು ರಾಸಾಯನಿಕ ಕ್ರಿಯೆಯ ಪಾಲು ದೊಡ್ಡದು. ಜಾನ್ ಹರ್ಷೆಲ್ 1842ರಲ್ಲಿ ಸಯನೋಟೈಪ್ ವಿಧಾನವನ್ನು ಕಂಡುಹಿಡಿದರು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಸವರಿದ ಕಾಗದದ ಮೇಲೆ ಪಾರದರ್ಶಕ ಹಾಳೆಯ ನಕ್ಷೆಯನ್ನಿಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದ ಕಡೆ ಕಡುನೀಲಿ ಉಂಟಾಗುತ್ತದೆ, ಗೆರೆಯಿದ್ದ ಕಡೆ ಬಿಳಿ ಉಳಿಯುತ್ತದೆ. ಇದೇ ಬ್ಲೂಪ್ರಿಂಟ್. ಶತಮಾನದ ಕೊನೆಯ ದಶಕಗಳಲ್ಲಿ ಅದು ಕಾರ್ಖಾನೆಗಳಲ್ಲಿ ಹರಡಿತು. ನೀಲಿ-ಬಿಳಿ ಎರಡೇ ಗೊತ್ತಿರುವ ಕಾಗದಕ್ಕೆ ಹಿತ್ತಾಳೆಯ ಹಳದಿಯನ್ನು ತಿಳಿಸುವುದು ಹೇಗೆ? ಆಗ ಓರೆ ಗೆರೆಗಳ ಹ್ಯಾಚಿಂಗ್ ಮುಂದೆ ಬಂತು.

ಡಿಪ್ಲೊಮಾ ಓದಿದವರು ಈ ಗೆರೆಗಳನ್ನು ಮರೆತಿರಲಾರರು. ಟಿ-ಸ್ಕ್ವೇರ್ ಮತ್ತು ಸೆಟ್‌ಸ್ಕ್ವೇರ್ ಹಿಡಿದು 45 ಡಿಗ್ರಿಯಲ್ಲಿ, ಒಂದೇ ಅಂತರದಲ್ಲಿ ಗೆರೆ ಎಳೆಯುತ್ತ ಕೂರಬೇಕು. ಶಾಲಾ-ಕಾಲೇಜುಗಳಿಗಾಗಿ ಭಾರತೀಯ ಮಾನಕ ಬ್ಯೂರೋ 1988ರಲ್ಲಿ ಹೊರತಂದ ಎಸ್‌ಪಿ 46 ಕೈಪಿಡಿಯಲ್ಲಿ ಇದರ ನಿಯಮಗಳಿವೆ. ಪಕ್ಕಪಕ್ಕದ ಎರಡು ಭಾಗಗಳಿಗೆ ಗೆರೆಯ ದಿಕ್ಕನ್ನೋ ಅಂತರವನ್ನೋ ಬದಲಿಸಬೇಕು. 100 ಮಿ.ಮೀ. ಉದ್ದ, 60 ಮಿ.ಮೀ. ಎತ್ತರದ ಆಯತಕ್ಕೆ 3 ಮಿ.ಮೀ. ಅಂತರದಲ್ಲಿ ಎಷ್ಟು ಗೆರೆ ಬೇಕು? ಗೆರೆಗೆ ಲಂಬವಾದ ದಿಕ್ಕಿನಲ್ಲಿ ಆಯತದ ಅಗಲ (100+60)÷√2, ಅಂದರೆ ಸುಮಾರು 113 ಮಿ.ಮೀ. ಹಾಗಾಗಿ 37 ಗೆರೆಗಳಾದರೂ ಬೇಕು. ಕೊನೆಯ ಗೆರೆಯಲ್ಲಿ ಶಾಯಿ ಚೆಲ್ಲಿದರೆ ಮತ್ತೆ ಮೊದಲಿನಿಂದ!

ಗಣಕ ಈ ದುಡಿಮೆಯನ್ನು ಕಳೆಯಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಆಟೋಕ್ಯಾಡ್ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಅದರ ವಿನ್ಯಾಸಗಳು ಚಿತ್ರಗಳಾಗಿ ಇಲ್ಲ, ಅಂಕಿಗಳಾಗಿ ಇವೆ. ಎಎನ್‌ಎಸ್‌ಐ31 ಎಂಬ ಸಾಮಾನ್ಯ ವಿನ್ಯಾಸದ ವಿವರಣೆ ಒಂದೇ ಸಾಲು: ಕೋನ 45, ಆರಂಭ ಬಿಂದು 0,0, ಗೆರೆಗಳ ಅಂತರ 0.125. ಅಂತರ ಅಂಗುಲದಲ್ಲಿದೆ, ನಮ್ಮ ಅಳತೆಯಲ್ಲಿ 3.175 ಮಿ.ಮೀ. ತಂತ್ರಾಂಶ ಈ ಗೆರೆಗಳನ್ನು ಇಡೀ ಸಮತಲದ ಮೇಲೆ ಹಾಸಿದೆ ಎಂದುಕೊಳ್ಳಿ. ಆಮೇಲೆ ಪ್ರತಿ ಗೆರೆಯೂ ನಿಮ್ಮ ಆಕೃತಿಯ ಅಂಚನ್ನು ಎಲ್ಲೆಲ್ಲಿ ಕತ್ತರಿಸುತ್ತದೆ ಎಂದು ಸಮೀಕರಣ ಬಿಡಿಸಿ, ಆ ಬಿಂದುಗಳನ್ನು ಕ್ರಮವಾಗಿ ಜೋಡಿಸುತ್ತದೆ. ಒಂದರಿಂದ ಎರಡರವರೆಗೆ ಗೆರೆ ಉಳಿಯುತ್ತದೆ, ಎರಡರಿಂದ ಮೂರರವರೆಗೆ ಅಳಿಯುತ್ತದೆ, ಮೂರರಿಂದ ನಾಲ್ಕಕ್ಕೆ ಮತ್ತೆ ಉಳಿಯುತ್ತದೆ. ಆಕೃತಿಯ ನಡುವೆ ತೂತಿದ್ದರೂ ಈ ಬೆಸ-ಸಮ ನಿಯಮ ತಪ್ಪುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೆ ಮಾತ್ರ ಒಳಗು-ಹೊರಗಿನ ಲೆಕ್ಕ ಕೆಡುತ್ತದೆ. ಗೆರೆ ತುಂಬದೆ ಪರದಾಡುವ ವಿದ್ಯಾರ್ಥಿಗಳು ಮೊದಲು ಹುಡುಕಬೇಕಾದದ್ದು ಈ ಸಂದಿಯನ್ನೇ.

ಇನ್ನೊಂದು ಎಡವಟ್ಟು ಅಳತೆಯದು. ನೆಲದ ಅಡ್ಡಕೊಯ್ತವನ್ನು ಮೀಟರುಗಳಲ್ಲಿ ಬರೆದು, 10,000 ಮೀಟರ್ ಉದ್ದ 200 ಮೀಟರ್ ಎತ್ತರದ ಪಟ್ಟಿಗೆ ಇದೇ 0.125ರ ವಿನ್ಯಾಸ ಕೊಟ್ಟರೆ 57,000ಕ್ಕೂ ಹೆಚ್ಚು ಗೆರೆಗಳಾಗುತ್ತವೆ. ತಂತ್ರಾಂಶ ಒಲ್ಲೆನೆನ್ನುತ್ತದೆ, ಇಲ್ಲವೇ ಇಡೀ ಪಟ್ಟಿ ಕಪ್ಪಾಗುತ್ತದೆ. ವಿನ್ಯಾಸದ ಅಳತೆಯನ್ನು ಹಿಗ್ಗಿಸಿದರೆ ಸರಿಹೋಗುತ್ತದೆ.

ಅಂಚು ಬದಲಾದರೆ ಗೆರೆಯೂ ತಾನೇ ಹೊಂದಿಕೊಳ್ಳುವ ಅನುಕೂಲ 1994ರ ಹದಿಮೂರನೆಯ ಆವೃತ್ತಿಯಲ್ಲಿ ಬಂತು. ಒತ್ತಾದ ಬಣ್ಣ ತುಂಬುವುದು 1997ರ ಹದಿನಾಲ್ಕನೆಯದರಲ್ಲಿ, ಒಂದರಿಂದ ಇನ್ನೊಂದಕ್ಕೆ ಕರಗುವ ಬಣ್ಣ 2003ರಲ್ಲಿ ಬಿಡುಗಡೆಯಾದ 2004ರ ಆವೃತ್ತಿಯಲ್ಲಿ ಸೇರಿದವು. ಬಣ್ಣ ಹೀಗೆ ಬಿಟ್ಟಿಯಾಗಿ ಸಿಕ್ಕಿದ್ದೇ ತಡ, ಗೆರೆ ಹಳೆಯ ಕಾಲದ್ದು ಎಂಬ ಭಾವನೆ ನಮ್ಮ ಹುಡುಗರಲ್ಲಿ ಬೇರೂರಿತು. ಬ್ಲೂಪ್ರಿಂಟ್ ಹೋಯಿತು, ನಿಜ. ಆದರೆ ಅದರ ಜಾಗದಲ್ಲಿ ಜೆರಾಕ್ಸ್ ಅಂಗಡಿ ಬಂದು ಕೂತಿದೆಯಲ್ಲ!

ಈಗ ಆ ಇಟ್ಟಿಗೆ ವಿನ್ಯಾಸದ ತಪ್ಪಿಗೆ ಬರೋಣ. ಭೂವಿಜ್ಞಾನದಲ್ಲಿ ಸುಣ್ಣಕಲ್ಲಿಗೆ ಇಟ್ಟಿಗೆ ಗುರುತು, ಮರಳುಗಲ್ಲಿಗೆ ಚುಕ್ಕೆ, ಜೇಡುಗಲ್ಲಿಗೆ ತುಂಡು ಗೆರೆ. ಇಲ್ಲಿ ಗೆರೆ ಇದು ಯಾವ ಕಲ್ಲು ಎಂದು ಹೇಳಿ ಸುಮ್ಮನಾಗುವುದಿಲ್ಲ, ಸ್ತರ ಹೇಗೆ ಮಲಗಿದೆ ಎಂಬುದನ್ನೂ ಹೇಳುತ್ತದೆ. ಕಲಾದಗಿ ಸೀಮೆಯಲ್ಲಿ ಇದೇ ಮುಖ್ಯ. ನೂರು ಕೋಟಿ ವರ್ಷಗಳಿಗೂ ಹಳೆಯದಾದ ಬಾಗಲಕೋಟೆ ಗುಂಪಿನ ಬೆಣಚು ಶಿಲೆ, ಜೇಡುಗಲ್ಲು, ಸುಣ್ಣಕಲ್ಲುಗಳು ಒತ್ತಡಕ್ಕೆ ಸಿಕ್ಕಿ ಮಡಿಕೆ ಬಿದ್ದಿವೆ, ವಾಲಿವೆ. ಅವು ಮಡಿಚಿ ಸವೆದ ಮೇಲೆ ಬಾದಾಮಿ ಗುಂಪಿನ ಮರಳುಗಲ್ಲು ಬಂದು ಕೂತಿತು. ಚಾಲುಕ್ಯರು ಗುಹೆ ಕೊರೆದ ಆ ಬಂಡೆಯ ಪದರಗಳು ಬಹುಮಟ್ಟಿಗೆ ಮಟ್ಟಸವಾಗಿವೆ. ಕೆಳಗಿನದು ವಾಲಿದ್ದು, ಮೇಲಿನದು ಮಲಗಿದ್ದು. ಇವೆರಡರ ನಡುವೆ ಅಪಾರ ಕಾಲ ಕಳೆದಿದೆ. ಭೂವಿಜ್ಞಾನಿಗಳು ಇದನ್ನು ಅನ್‌ಕನ್ಫಾರ್ಮಿಟಿ ಎನ್ನುತ್ತಾರೆ.

ಕೈಯಲ್ಲಿ ಬರೆಯುವವನು ಮಡಿಕೆಯ ಜೊತೆಗೇ ಗೆರೆಯನ್ನೂ ಬಾಗಿಸುತ್ತಿದ್ದ. ತಂತ್ರಾಂಶಕ್ಕೆ ಮಡಿಕೆ ಗೊತ್ತಿಲ್ಲ. ನೀವು ಏನೂ ಹೇಳದಿದ್ದರೆ ಅದು ವಾಲಿದ ಸುಣ್ಣಕಲ್ಲಿನೊಳಗೂ ಇಟ್ಟಿಗೆಗಳನ್ನು ಮಟ್ಟಸವಾಗಿಯೇ ಜೋಡಿಸುತ್ತದೆ. ಆ ವಿದ್ಯಾರ್ಥಿಯ ಚಿತ್ರದಲ್ಲಿ ಆದದ್ದು ಇದೇ. ಕೆಳಗಿನ ಗುಂಪೂ ಮೇಲಿನ ಗುಂಪೂ ಒಂದರ ಮೇಲೊಂದು ನೆಮ್ಮದಿಯಾಗಿ ಮಲಗಿದಂತೆ ಕಂಡು, ಈ ಸೀಮೆಯ ಇತಿಹಾಸದ ಬಹುದೊಡ್ಡ ಘಟನೆಯೇ ಚಿತ್ರದಿಂದ ಮಾಯವಾಗಿತ್ತು.

ಪರಿಹಾರ ಕಷ್ಟದ್ದಲ್ಲ. ಮಡಿಕೆಯನ್ನು ನಾಲ್ಕಾರು ತುಂಡು ಮಾಡಿ, ಪ್ರತಿ ತುಂಡಿಗೂ ಅಲ್ಲಿಯ ಸ್ತರದ ವಾಲಿಕೆಯನ್ನೇ ವಿನ್ಯಾಸದ ಕೋನವಾಗಿ ಕೊಡಬೇಕು. ಒಂದು ಎಚ್ಚರಿಕೆಯಿದೆ. ಅಡ್ಡಕೊಯ್ತಗಳಲ್ಲಿ ಎತ್ತರವನ್ನು ಉದ್ದಕ್ಕಿಂತ ಹಲವು ಪಟ್ಟು ಹಿಗ್ಗಿಸಿ ತೋರಿಸುವುದುಂಟು. ಆಗ ಕೋನ ಅಷ್ಟೇ ಪಟ್ಟು ಹೆಚ್ಚುವುದಿಲ್ಲ, ಅದರ ಟ್ಯಾಂಜೆಂಟ್ ಹೆಚ್ಚುತ್ತದೆ. ಹೊಲದಲ್ಲಿ 20 ಡಿಗ್ರಿ ವಾಲಿದ ಸ್ತರವನ್ನು ಎತ್ತರ ಐದು ಪಟ್ಟು ಹಿಗ್ಗಿಸಿದ ಚಿತ್ರದಲ್ಲಿ ಬರೆಯುವಾಗ 0.364ನ್ನು 5ರಿಂದ ಗುಣಿಸಿ. 1.82 ಬರುತ್ತದೆ, ಅದರ ಕೋನ ಸುಮಾರು 61 ಡಿಗ್ರಿ. ಆ ಹುಡುಗ ಮತ್ತೆ ಕ್ಲೈನೋಮೀಟರ್ ಹಿಡಿದು ಹೋಗಿ ವಾಲಿಕೆಯನ್ನು ಅಳೆದು ಬಂದ. ಎರಡನೆಯ ಸಲದ ಚಿತ್ರದಲ್ಲಿ ಬಣ್ಣವೇ ಇರಲಿಲ್ಲ. ಬಾದಾಮಿಯ ಮಟ್ಟಸ ಚುಕ್ಕೆಗಳ ಕೆಳಗೆ ಓರೆ ಇಟ್ಟಿಗೆಗಳು ಬಂದು ಮುರಿದು ನಿಂತಿದ್ದವು. ಅದರ ಜೆರಾಕ್ಸ್ ಪ್ರತಿಯಲ್ಲೂ ಆ ಗಡಿ ಸ್ಪಷ್ಟವಾಗಿ ಕಾಣುತ್ತಿತ್ತು.